ನರಗುಂದಕ್ಕ ಹೋಗಾಕಿ

ಜೂನ್ ಎರಡನೇ ವಾರ ಮುಖ್ಯೋಪಾಧ್ಯಾಯ ಮಹಾಲಿಂಗಪ್ಪನವರು ಅನ್ನಪೂರ್ಣೇಶ್ವರಿಯನ್ನು ತಮ್ಮ ಕೋಣೆಗೆ ಕರೆಸಿ, ಕುರ್ಚಿ ತೋರಿಸಿ, ಚಹಾ ತರಿಸಿದರು. ರೋಣದ ಆ ಖಾಸಗಿ ಪ್ರೌಢಶಾಲೆಯಲ್ಲಿ ಹನ್ನೊಂದು ವರ್ಷ ದುಡಿದ ಅವಳಿಗೆ ಆ ಕೋಣೆಯಲ್ಲಿ ಚಹಾ ಸಿಕ್ಕದ್ದು ಅದು ಎರಡನೇ ಸಲ. ಏನೋ ಒಂದು ಹೆಗಲಿಗೆ ಬೀಳುತ್ತದೆ ಎಂಬುದು ಬಸಿ ಕೈಗೆ ಬರುವ ಮೊದಲೇ ತಿಳಿಯಿತು.

“ಮೇಡಂ, ನಮ್ಮ ಲೆಕ್ಕದ ಮಾಸ್ತರಗ ಸರಕಾರಿ ನೌಕರಿ ಆರ್ಡರ್ ಬಂತು. ನಾಳಿಂದ ಅಂವ ಬರೂದಿಲ್ಲ. ಒಂಬತ್ತನೇ ಕ್ಲಾಸಿನ ಗಣಿತ ನೀವ ತಗೊಂಡಬಿಡ್ರಿ.”

“ನಾ ಜೀವಶಾಸ್ತ್ರದಾಕಿ ಅದೀನ್ರಿ ಸರ್.”

“ವಿಜ್ಞಾನ ಕಲಸಾವ್ರಿಗೆ ಲೆಕ್ಕ ಏನ ದೊಡ್ಡದ್ರಿ? ಹೊಸಬರು ಸಿಗೂತನಕ ಅಷ್ಟ. ಚಹಾ ಕುಡೀರಿ, ಆರತೈತಿ.”

ಅನ್ನಪೂರ್ಣೇಶ್ವರಿ ಕುಡಿದಳು. ಆಗಲ್ರಿ ಅಂದಳು. ‘ನನಗ ಲೆಕ್ಕ ಬರೂದಿಲ್ಲ’ ಎನ್ನುವ ಮೂರು ಶಬ್ದ ಹೊರಬರಲಿಲ್ಲ. ಮೂವತ್ತಾರು ವರ್ಷದ, ಕಪ್ಪೆಯ ಹೃದಯವನ್ನು ಕಣ್ಣು ಮುಚ್ಚಿ ಬೋರ್ಡಿನ ಮೇಲೆ ಬಿಡಿಸಬಲ್ಲ, ಇಡೀ ಶಾಲೆ ‘ಚಲೋ ಕಲಸ್ತಾರ’ ಎಂದು ಹೊಗಳುವ ಹೆಂಗಸು ಅದನ್ನು ಹೇಳುವುದಾದರೂ ಹೇಗೆ?

ಆದರೆ ನಿಜ ಅದೇ ಆಗಿತ್ತು. ಲೆಕ್ಕ ಎಂದ ಕೂಡಲೇ ಅವಳ ಬೆರಳ ತುದಿ ತಣ್ಣಗಾಗುತ್ತಿದ್ದವು. ತಂಪು ಅಲ್ಲಿಂದ ಮಣಿಕಟ್ಟಿಗೆ ಏರುತ್ತಿತ್ತು. ಕಾಗದದ ಮೇಲಿನ ಅಂಕಿಗಳು ಕಾದ ಹಂಚಿನ ಮೇಲೆ ಹಾಕಿದ ಸಾಸಿವೆಯ ಹಾಗೆ ಸಿಡಿಯುತ್ತಿದ್ದವು. ಇದಕ್ಕೆ ಕಾರಣನಾದವನು ಅವಳ ಕಾಕಾ ರಾಯಣ್ಣ. ಹೊಡೆದವನಲ್ಲ, ಬೈದವನೂ ಅಲ್ಲ. ಪಡಸಾಲೆಯಲ್ಲಿ ಬಂದವರ ಮುಂದೆ ಒಂಬತ್ತು ವರ್ಷದ ಅನ್ನಪೂರ್ಣಿಯನ್ನು ನಿಲ್ಲಿಸಿ, “ಹದಿನೇಳ ಎಂಟ್ಲೆ?” ಎಂದು ಕೇಳಿ, ಉತ್ತರ ಬರುವತನಕ ನಿಧಾನಕ್ಕೆ ಚಪ್ಪಾಳೆ ತಟ್ಟುತ್ತಿದ್ದ. ಒಂದು. ಎರಡು. ಮೂರು. ಐದಕ್ಕೆ ಬಂದು ನಿಂತು, ಮಂದಿಯ ಕಡೆ ತಿರುಗಿ ನಗುತ್ತಿದ್ದ. ಮಂದಿಯೂ ನಗುತ್ತಿದ್ದರು. ಹದಿನೇಳ ಎಂಟ್ಲೆ ಎಷ್ಟು ಎಂಬುದು ಅವಳಿಗೆ ಗೊತ್ತಿತ್ತು. ಚಪ್ಪಾಳೆ ಶುರುವಾದ ಮೇಲೆ ಗೊತ್ತಿರಲಿಲ್ಲ.

ಮರುದಿನದಿಂದ, ಮನೆಯಿದ್ದ ಗಜೇಂದ್ರಗಡದಿಂದ ರೋಣಕ್ಕೆ ಬರುವ ಎಂಟೂಕಾಲರ ಬಸ್ಸು ಅವಳ ಓದಿನ ಕೋಣೆಯಾಯಿತು. ಗೈಡಿನಿಂದ ಎರಡು ಲೆಕ್ಕ ಆರಿಸಿ, ಪ್ರತಿ ಸಾಲನ್ನೂ ಮಂತ್ರದ ಹಾಗೆ ಉರು ಹೊಡೆಯುತ್ತಿದ್ದಳು. ರೋಣ ಬರುವುದರೊಳಗೆ ಉರು ಆಗದಿದ್ದರೆ ಒಂದು ಚೀಟಿ ಪುಸ್ತಕದೊಳಗೆ ಕೂರುತ್ತಿತ್ತು. ತರಗತಿಯಲ್ಲಿ ಬೋರ್ಡು ತುಂಬ ಬರೆಯುವುದು, ಹುಡುಗರು ಇಳಿಸಿಕೊಳ್ಳುವುದು. ಯಾರಾದರೂ ಕೈ ಎತ್ತಿದರೆ, “ಮೊದಲ ಬರಕೋರಿ. ಪ್ರಶ್ನಿ ಕಡೀಗೆ” ಅನ್ನುತ್ತಿದ್ದಳು. ಕಡೆಗೆ ಬರುತ್ತಿದ್ದದ್ದು ಗಂಟೆ. ಎರಡೇ ವಾರದಲ್ಲಿ ಅನ್ನಪೂರ್ಣಾ ಟೀಚರ ಲೆಕ್ಕದ ಪೀರಿಯಡ್ಡಿನಲ್ಲಿ ಉಸಿರು ಬಿಟ್ಟರೂ ಕೇಳುತ್ತದೆ ಎಂದು ಹೆಸರಾಯಿತು. ಮಹಾಲಿಂಗಪ್ಪನವರು ಕಿಟಕಿಯಿಂದ ಇಣುಕಿ ತೃಪ್ತಿಯಿಂದ ತಲೆ ಅಲ್ಲಾಡಿಸಿ ಹೋದರು.

ಆ ತರಗತಿಯಲ್ಲಿ ಮೂರನೇ ಬೆಂಚಿನಲ್ಲಿ ಹಸೀನಾ ಎಂಬ ಹುಡುಗಿ ಇದ್ದಳು. ಅಸೂಟಿಯ ಗೌಂಡಿ ಮೋದಿನಸಾಬನ ಮಗಳು. ತಂದೆ ಪಾಯ ತೆಗೆಯುವಾಗ ದಾರ ಹಿಡಿದು, ಮೂಲೆಮಟ್ಟ ಇಟ್ಟು ಮೂಲೆ ಸರಿ ಇದೆಯೋ ಇಲ್ಲವೋ ನೋಡಿ, ಗೋಡೆಗೆ ಎಷ್ಟು ಇಟ್ಟಂಗಿ ಬೇಕು ಎಂದು ಬಾಯಲ್ಲೇ ಹೇಳಿ ಬೆಳೆದವಳು. ಅವಳಿಗೆ ಲೆಕ್ಕವೆಂದರೆ ಭಯವೂ ಇಲ್ಲ, ಹೆಮ್ಮೆಯೂ ಇಲ್ಲ. ನೀರು ಸೇದುವುದು, ರೊಟ್ಟಿ ಬಡಿಯುವುದು ಇದ್ದ ಹಾಗೆ ಅದೂ ಒಂದು.

ಜುಲೈ ಕೊನೆಗೆ ಒಂದು ದಿನ ಅನ್ನಪೂರ್ಣೇಶ್ವರಿ ಬೋರ್ಡಿನ ಮೇಲೆ x² − 5x + 6 ಎಂಬುದನ್ನು ಬಿಡಿಸಿ (x − 2)(x + 3) ಎಂದು ಬರೆದಳು. ಹಸೀನಾ ಎದ್ದು ನಿಂತಳು.

“ಟೀಚರ್, ಎರಡೂ ಮೈನಸ್ ಆಗಬೇಕಲ್ರಿ? ಇಲ್ಲಂದ್ರ ಕಡೀಗೆ ಮೈನಸ್ ಆರು ಬರ್ತೈತ್ರಿ.”

ತರಗತಿ ಟೀಚರನ್ನು ನೋಡಿತು. ಅನ್ನಪೂರ್ಣೇಶ್ವರಿ ಬೋರ್ಡನ್ನು ನೋಡಿದಳು. ಹುಡುಗಿ ಹೇಳಿದ್ದು ಸರಿಯೋ ತಪ್ಪೋ ಎಂದು ಅವಳಿಗೆ ಖರೇ ಹೇಳಬೇಕೆಂದರೆ ಗೊತ್ತಾಗಲಿಲ್ಲ. ಪುಸ್ತಕ ತೆರೆದು ಚೀಟಿ ನೋಡಿದಳು. ಚೀಟಿಯಲ್ಲಿ ಮೈನಸ್ ಇತ್ತು.

“ನಿಮ್ಮ ಲಕ್ಷ್ಯ ಎಲ್ಲೈತಿ ನೋಡಾಕ ಬೇಕಂತ ಬರದಿದ್ದೆ. ಒಬ್ಬಾಕಿ ಅಷ್ಟ ಎಚ್ಚರ ಅದಾಳ. ಕೂಡು.”

ಹಸೀನಾ ಖುಷಿಯಿಂದ ಕೂತಳು. ಅನ್ನಪೂರ್ಣೇಶ್ವರಿಗೂ ಆ ಹೊತ್ತಿಗೆ ಸಿಟ್ಟು ಬರಲಿಲ್ಲ. ಗಂಡಾಂತರ ತಪ್ಪಿತು ಎನ್ನುವ ಹಗುರ ಅಷ್ಟೇ. ಸಿಟ್ಟು ಬಂದದ್ದು ಆಗಸ್ಟಿನಲ್ಲಿ.

ಅಂದು ಆಡಳಿತ ಮಂಡಳಿಯ ಹಿರಿಯರೊಬ್ಬರನ್ನು ಕರೆದುಕೊಂಡು ಮಹಾಲಿಂಗಪ್ಪನವರು ತರಗತಿಗೆ ಬಂದರು. ಹಿರಿಯರು ಮೊದಲು ಇಂಜಿನಿಯರ್ ಆಗಿದ್ದವರು. ಬೋರ್ಡಿನ ಮೇಲೆ ತ್ರಿಕೋಣದ ಕ್ಷೇತ್ರಫಲದ ಲೆಕ್ಕ ಇತ್ತು. ಅವರು ಅದನ್ನು ನೋಡಿ, ನಗುತ್ತ, “ಭೇಷ್. ಈಗ ಅಂಕಿ ಬದಲ ಮಾಡೂಣು. ಹದಿಮೂರು, ಹದಿನಾಲ್ಕು, ಹದಿನೈದು. ಮೇಡಂ ಅವರ, ಒಂದ ಸಲ ಮಾಡಿ ತೋರಸ್ರಿ, ಆಮ್ಯಾಲ ಹುಡುಗರನ್ನ ಕೇಳ್ತೀನಿ” ಎಂದರು.

ಉರು ಹೊಡೆದದ್ದು ಬೇರೆ ಅಂಕಿಯ ಲೆಕ್ಕ. ಅನ್ನಪೂರ್ಣೇಶ್ವರಿ ಸೀಮೆಸುಣ್ಣ ಹಿಡಿದು ಬೋರ್ಡಿಗೆ ಮುಖ ಮಾಡಿದಳು. ಹದಿಮೂರು ಎಂದು ಬರೆದಳು. ಬೆರಳು ತಣ್ಣಗಾದವು. ಬೆನ್ನ ಹಿಂದೆ ಯಾರೋ ಬೆಂಚಿನ ಮೇಲೆ ಕಾಲು ಕುಟ್ಟಿದ್ದು ಅವಳಿಗೆ ಚಪ್ಪಾಳೆಯಾಗಿ ಕೇಳಿಸಿತು. ಎಷ್ಟು ಹೊತ್ತು ಹಾಗೆ ನಿಂತಳೋ! ಮಹಾಲಿಂಗಪ್ಪನವರು ಕೆಮ್ಮಿದರು.

“ಸರ್, ನಾ ಮಾಡ್ಲೇನ್ರಿ?” ಹಸೀನಾಳ ದನಿ. “ಟೀಚರ್ ನಮಗ ನಿನ್ನೇನ ಹೇಳ್ಯಾರ್ರಿ. ನಮಗ ಬರ್ತೈತಿಲ್ಲೊ ನೋಡಾಕ ಸುಮ್ಮನ ನಿಂತಾರ್ರಿ.”

ಹುಡುಗಿ ಬಂದು ಟೀಚರ ಕೈಯಿಂದಲೇ ಸೀಮೆಸುಣ್ಣ ಇಸಿದುಕೊಂಡಳು. ಗೈಡಿನ ಸೂತ್ರದ ಕಡೆ ನೋಡಲೇ ಇಲ್ಲ. ಹದಿನಾಲ್ಕರ ಗೆರೆ ಅಡ್ಡ ಎಳೆದು, ಮೇಲಿನ ತುದಿಯಿಂದ ಒಂದು ನೆಟ್ಟನೆ ಗೆರೆ ಇಳಿಸಿದಳು. “ಇಲ್ಲಿ ತೂಗುಗುಂಡ ಬಿಟ್ಟಂಗ್ರಿ ಸರ್. ಈ ಕಡೆ ಐದು, ಆ ಕಡೆ ಒಂಬತ್ತು. ಎತ್ತರ ಹನ್ನೆರಡು. ಎರಡೂ ಮೂಲಿಮಟ್ಟಕ್ಕ ಕೂಡ್ತಾವ್ರಿ. ಹದಿನಾಲ್ಕ ಹನ್ನೆರಡ್ಲೆ, ಅದರಾಗ ಅರ್ಧಾ. ಎಂಬತ್ನಾಕು.”

ಹಿರಿಯರು ಬೆನ್ನು ತಟ್ಟಿದರು. “ಜನವರಿ ಒಳಗ ನರಗುಂದದಾಗ ಗಣಿತ ಸ್ಪರ್ಧಾ ಐತಿ. ಈ ಹುಡುಗೀನ ಕಳಸ್ರಿ” ಎಂದರು. ಮಹಾಲಿಂಗಪ್ಪನವರು ಅಲ್ಲೇ, ಎಲ್ಲರೆದುರು, “ದಿನಾ ಸಂಜಿಮುಂದ ಒಂದ ತಾಸು ಅನ್ನಪೂರ್ಣಾ ಮೇಡಂ ಅವ್ರ ತಯಾರ ಮಾಡ್ತಾರ್ರಿ” ಎಂದು ಒಪ್ಪಿಸಿಬಿಟ್ಟರು.

ಶಾಲೆ ಬಿಟ್ಟ ಮೇಲೆ ಹಸೀನಾ ಪಡಸಾಲೆಯಲ್ಲಿ ಟೀಚರ ಹಿಂದೆ ಓಡಿಬಂದಳು. ಅತ್ತಿತ್ತ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಸಣ್ಣ ದನಿಯಲ್ಲಿ ಕೇಳಿದಳು:

“ಟೀಚರ್, ನಿಮಗ ಅಂಜಿಕಿ ಬಂದಿತ್ತೇನ್ರಿ? ನಮ್ಮ ಅಮ್ಮಿಗೂ ದವಾಖಾನ್ಯಾಗ ಫಾರ್ಮ್ ತುಂಬು ಅಂದ್ರ ಹಂಗ ಆಗ್ತೈತ್ರಿ. ನಾ ಯಾರಿಗೂ ಹೇಳೂದಿಲ್ರಿ.”

ಅಷ್ಟು ಹೇಳಿ ಹುಡುಗಿ ಅಸೂಟಿಯ ಬಸ್ಸಿಗೆ ಓಡಿದಳು. ಅನ್ನಪೂರ್ಣೇಶ್ವರಿ ಪಡಸಾಲೆಯಲ್ಲೇ ಉಳಿದಳು. ಇಪ್ಪತ್ತೇಳು ವರ್ಷ ಹೆತ್ತವರಿಂದ, ಗಂಡನಿಂದ, ಜೊತೆಯ ಶಿಕ್ಷಕರಿಂದ ಮುಚ್ಚಿಟ್ಟದ್ದನ್ನು ಹದಿನಾಲ್ಕು ವರ್ಷದ ಹುಡುಗಿ ಒಂದೇ ನೋಟಕ್ಕೆ ನೋಡಿಬಿಟ್ಟಿದ್ದಳು. ನೋಡಿದ್ದಲ್ಲದೆ ಕನಿಕರ ಬೇರೆ ಪಟ್ಟಿದ್ದಳು. ಹುಡುಗಿ ನಕ್ಕಿದ್ದರೆ ಅವಳು ಕ್ಷಮಿಸುತ್ತಿದ್ದಳೇನೋ. ಕನಿಕರವನ್ನು ಕ್ಷಮಿಸಲಾಗಲಿಲ್ಲ.

ಮರುದಿನ ಸಂಜೆಯಿಂದ ತಾಲೀಮು ಶುರುವಾಯಿತು. ಖಾಲಿ ತರಗತಿ, ಒಂದು ಮೇಜು, ಇಬ್ಬರು. ಮೊದಮೊದಲು ಅನ್ನಪೂರ್ಣೇಶ್ವರಿಗೆ ಏನು ಮಾಡಬೇಕೆಂಬ ಯೋಚನೆ ಇರಲಿಲ್ಲ. ಗೈಡಿನಿಂದ ಲೆಕ್ಕ ಕೊಡುವುದು, ಹುಡುಗಿ ಮಾಡುವುದು, ಗೈಡಿನ ಉತ್ತರದ ಜೊತೆ ಹೋಲಿಸುವುದು. ಹಸೀನಾಳ ಉತ್ತರ ಯಾವಾಗಲೂ ಸರಿ, ದಾರಿ ಯಾವಾಗಲೂ ಬೇರೆ. ಒಂದು ದಿನ ಅವಸರದಲ್ಲಿ ಅಂಕಿ ತಪ್ಪಿ ಇಳಿಸಿ, ಏಳು, ಎಂಟು, ಹದಿನಾರರ ತ್ರಿಕೋಣ ಕೊಟ್ಟಳು.

ಹಸೀನಾ ನೋಡಿ ಕಿಸಕ್ಕನೆ ನಕ್ಕಳು. “ಇಂಥಾ ತ್ರಿಕೋಣ ಇರೂದ ಇಲ್ರಿ ಟೀಚರ್. ಏಳು ಎಂಟು ಸೇರಿ ಹದಿನೈದ. ತುದಿಗೆ ತುದಿ ಮುಟ್ಟೂದಿಲ್ರಿ.” ಎರಡು ಬೆರಳನ್ನು ಮೇಜಿನ ಮೇಲೆ ಎದುರುಬದುರು ಚಾಚಿ, ಅವು ಒಂದನ್ನೊಂದು ಮುಟ್ಟದಿರುವುದನ್ನು ತೋರಿಸಿದಳು.

ಆ ನಗು ಅನ್ನಪೂರ್ಣೇಶ್ವರಿಯ ಜೊತೆ ಬಸ್ಸಿನಲ್ಲಿ ಗಜೇಂದ್ರಗಡದವರೆಗೂ ಬಂತು. ಮನೆಯಲ್ಲಿ ಅನ್ನಕ್ಕಿಡುವಾಗಲೂ ಅಲ್ಲೇ ಇತ್ತು.

ಮರುದಿನ ಅವಳು ಹಸೀನಾಳ ಪುಟದ ಮೇಲೆ ಕೆಂಪು ಶಾಯಿಯಲ್ಲಿ ಸೊನ್ನೆ ಹಾಕಿದಳು.

“ಉತ್ತರ ಬರೋಬ್ಬರಿ ಐತಲ್ರಿ ಟೀಚರ್?”

“ಉತ್ತರ ಯಾರ ಬೇಕಂದ್ರು? ಸ್ಟೆಪ್ ಎಲ್ಲಿ? ಗೈಡಿನ್ಯಾಗ ಆರ ಸ್ಟೆಪ್ ಅದಾವ. ನೀ ಎರಡ ಬರದಿ. ನರಗುಂದದಾಗ ಪೇಪರ್ ತಿದ್ದಾವ್ರು ನಿಮ್ಮಪ್ಪನಂಗ ಗೌಂಡಿ ಅಲ್ಲ.”

ಹುಡುಗಿಯ ಮುಖ ಕೆಂಪಾಯಿತು. ಅವಳು ಆರು ಸ್ಟೆಪ್ ಬರೆಯಲು ಕೂತಳು. ತನಗೆ ಕಾಣುವ ದಾರಿ ಬಿಟ್ಟು ಕಾಣದ ದಾರಿಯಲ್ಲಿ ನಡೆಯುವಾಗ ನಾಲ್ಕನೇ ಹೆಜ್ಜೆಗೆ ಎಡವಿದಳು. ಜೀವನದಲ್ಲಿ ಮೊದಲ ಸಲ ಅವಳ ಲೆಕ್ಕ ತಪ್ಪಿತು. ಅನ್ನಪೂರ್ಣೇಶ್ವರಿ ಅದನ್ನು ನೋಡಿದಳು. ಯಾವ ಮೊಳೆ ಎಲ್ಲಿ ಹೊಡೆದರೆ ಒಳಗಿಳಿಯುತ್ತದೆ ಎಂಬುದು ಅವಳಿಗೆ ಆವತ್ತು ತಿಳಿಯಿತು.

ಮುಂದಿನದಕ್ಕೆ ಅವಳಿಗೆ ಯಾವ ಗೈಡೂ ಬೇಕಾಗಲಿಲ್ಲ. ಹೆದರಿಕೆ ಹೇಗೆ ಹುಟ್ಟುತ್ತದೆ, ಎಲ್ಲಿ ಬೇರು ಬಿಡುತ್ತದೆ, ಎಷ್ಟು ನೀರು ಬೇಡುತ್ತದೆ ಎಂಬ ಒಂದೇ ಪಾಠ ಅವಳಿಗೆ ಬಾಯಿಪಾಠವಾಗಿತ್ತು. ಹಸೀನಾ ಲೆಕ್ಕ ಮಾಡುವಾಗ ಅವಳು ಡಸ್ಟರಿನಿಂದ ಮೇಜಿನ ಮೇಲೆ ನಿಧಾನಕ್ಕೆ ಕುಟ್ಟತೊಡಗಿದಳು. ಟಕ್. ಟಕ್. ಐದಕ್ಕೆ ನಿಲ್ಲಿಸಿ, “ಆತು, ಟೈಮ್ ಮುಗೀತು” ಎಂದು ಪುಸ್ತಕ ಎಳೆದುಕೊಳ್ಳುತ್ತಿದ್ದಳು. ತರಗತಿಯಲ್ಲಿ ಎಲ್ಲರಿಗಿಂತ ಮೊದಲು ಅವಳನ್ನೇ ಬೋರ್ಡಿಗೆ ಕರೆಯುತ್ತಿದ್ದಳು. ಹುಡುಗಿ ಒಂದು ಕ್ಷಣ ತಡೆದರೆ ಸಾಕು, ಉಳಿದ ಮಕ್ಕಳ ಕಡೆ ತಿರುಗಿ, “ನೋಡ್ರಿ, ನರಗುಂದಕ್ಕ ಹೋಗಾಕಿ!” ಎನ್ನುತ್ತಿದ್ದಳು. ಮಕ್ಕಳು ನಗುತ್ತಿದ್ದರು. ಮಕ್ಕಳಲ್ಲವೇ, ತಮ್ಮ ಸರದಿ ತಪ್ಪಿತಲ್ಲ ಎಂಬ ನೆಮ್ಮದಿಗೆ ನಗುತ್ತಿದ್ದರು. ದಸರೆ ರಜೆಗೆ ಮೊದಲೇ ಅದು ಹಸೀನಾಳ ಹೆಸರೇ ಆಗಿಹೋಯಿತು. ನೀರಿನ ನಲ್ಲಿಯ ಹತ್ತಿರ, ಬಸ್ಸಿನಲ್ಲಿ, ಎಲ್ಲೆಲ್ಲೂ ನರಗುಂದಕ್ಕ ಹೋಗಾಕಿ.

ನಡುನಡುವೆ ಒಳ್ಳೆಯ ಮಾತನ್ನೂ ಆಡುತ್ತಿದ್ದಳು. ಅದೂ ಪಾಠದ ಭಾಗವೇ. “ನಿನ್ನಂಥಾ ಹುಡುಗಿ ನಮ್ಮ ಸಾಲ್ಯಾಗ ಇಲ್ಲ ಹಸೀನಾ” ಎಂದು ತಲೆ ಸವರಿ, ಮರುಕ್ಷಣವೇ ಒಂದು ಸರಳ ಗುಣಾಕಾರ ಕೇಳಿ, ಹುಡುಗಿ ತೊದಲಿದರೆ ಏನೂ ಅನ್ನದೆ ನಿಟ್ಟುಸಿರು ಬಿಡುತ್ತಿದ್ದಳು. ಬೈಗುಳಕ್ಕಿಂತ ಆ ನಿಟ್ಟುಸಿರು ಹೆಚ್ಚು ಕೆಲಸ ಮಾಡುತ್ತಿತ್ತು.

ನವೆಂಬರಿನ ಒಂದು ಸಂಜೆ ಸೀಮೆಸುಣ್ಣ ಕೊಡುವಾಗ ಇಬ್ಬರ ಕೈ ತಾಗಿತು. ಹಸೀನಾಳ ಬೆರಳು ತಣ್ಣಗೆ ಕೊರೆಯುತ್ತಿದ್ದವು. ಹೊರಗೆ ಇನ್ನೂ ಬಿಸಿಲಿತ್ತು. ಅನ್ನಪೂರ್ಣೇಶ್ವರಿ ಆ ಕೈಯನ್ನು ಬಿಡದೆ ಹಿಡಿದಳು. ಆ ತಂಪನ್ನು ಅವಳಷ್ಟು ಬಲ್ಲವರು ಆ ತಾಲೂಕಿನಲ್ಲಿ ಯಾರಿದ್ದರು? ಇಲ್ಲಿಗೆ ಸಾಕು ಎಂದು ಒಳಗಿನಿಂದ ಒಂದು ಮಾತು ಬಂದದ್ದು ನಿಜ. ಅದರ ಜೊತೆಗೇ ಇನ್ನೊಂದೂ ಅವಳ ಗಮನಕ್ಕೆ ಬಂತು. ಅವಳ ಸ್ವಂತ ಕೈ ಬೆಚ್ಚಗಿತ್ತು. ಎಷ್ಟೋ ದಿನಗಳಿಂದ ಅವಳು ಚೀಟಿ ಒಯ್ದಿರಲಿಲ್ಲ. ಬೋರ್ಡಿನ ಮುಂದೆ ನಿಂತಾಗ ಅಂಕಿಗಳು ಸಿಡಿಯುತ್ತಿರಲಿಲ್ಲ. ತರಗತಿಯಲ್ಲಿ ಹೆದರುವವರು ಇನ್ನೊಬ್ಬರು ಸಿಕ್ಕಮೇಲೆ ಅವಳ ಹೆದರಿಕೆ ಅವಳನ್ನು ಬಿಟ್ಟು ಹೋಗಿತ್ತು.

“ಬರಿ,” ಎಂದಳು. “ತ್ರಿಕೋಣದ ಮೂರು ಬಾಹು ಆರು, ಒಂಬತ್ತು, ಹದಿನೇಳು. ಕ್ಷೇತ್ರಫಲ ತಗಿ.”

ಈ ಸಲ ಅಂಕಿ ಕೈತಪ್ಪಿ ಬಂದದ್ದಲ್ಲ.

ಹಸೀನಾ ಬರೆದುಕೊಂಡಳು. ಡಸ್ಟರ್ ಕುಟ್ಟತೊಡಗಿತು. ಹುಡುಗಿ ಸೂತ್ರ ಬರೆದಳು, ಕೂಡಿಸಿದಳು, ಕಳೆದಳು, ಹೊಡೆದುಹಾಕಿದಳು, ಮತ್ತೆ ಕೂಡಿಸಿದಳು. ಎರಡು ಪುಟ ತುಂಬಿದವು. ಆರು ಒಂಬತ್ತು ಸೇರಿ ಹದಿನೈದು, ತುದಿಗೆ ತುದಿ ಮುಟ್ಟುವುದಿಲ್ಲ ಎಂದು ಅವಳಿಗೆ ಹೊಳೆಯಲಿಲ್ಲ. ಹೊಳೆದಿದ್ದರೂ ಹೇಳುವ ಧೈರ್ಯ ಉಳಿದಿರಲಿಲ್ಲ. ಕೊನೆಗೆ ಇಪ್ಪತ್ತಾರು ಎಂದು ಬರೆದು, ಪುಸ್ತಕ ಮುಂದೆ ಚಾಚಿ, ಟೀಚರ ಮುಖ ನೋಡಿದಳು.

“ತಪ್ಪು,” ಎಂದಳು ಅನ್ನಪೂರ್ಣೇಶ್ವರಿ. “ಭಾಳ ಸರಳ ಇತ್ತು.”

ಜನವರಿಯಲ್ಲಿ ಇಬ್ಬರೂ ಬಸ್ಸು ಹತ್ತಿ ನರಗುಂದಕ್ಕೆ ಹೋದರು. ಮೋದಿನಸಾಬ ಕೆಲಸ ಬಿಟ್ಟು ರೋಣದ ಬಸ್ ಸ್ಟ್ಯಾಂಡಿಗೆ ಬಂದಿದ್ದ. ಸಿಮೆಂಟು ಹತ್ತಿದ ಕೈಯನ್ನು ಅಂಗಿಗೆ ಒರೆಸಿಕೊಂಡು, ಕಿಟಕಿಯಿಂದ ಮಗಳಿಗೆ ಬಾಳೆಹಣ್ಣು ಕೊಟ್ಟ. “ಅಕ್ಕೋರು ಜೋಡಿ ಅದಾರ, ನಿನಗ್ಯಾಕ ಚಿಂತಿ?” ಅಂದ. ಮಗಳು ಹಣ್ಣನ್ನು ಕೈಯಲ್ಲೇ ಹಿಡಿದು ಕೂತಳು. ನರಗುಂದದ ಗುಡ್ಡ ಕಾಣುವ ಹೊತ್ತಿಗೆ ಅದು ಕಪ್ಪಾಗಿತ್ತು.

ಪರೀಕ್ಷೆಯ ಹಾಲಿನ ಬಾಗಿಲಲ್ಲಿ ಅನ್ನಪೂರ್ಣೇಶ್ವರಿ ಹುಡುಗಿಯ ಜಡೆ ಸರಿಮಾಡಿ, ಕಿವಿಯ ಹತ್ತಿರ ಬಗ್ಗಿದಳು.

“ಸಾಲಿ ಮರ್ಯಾದಿ ನಿನ್ನ ಕೈಯಾಗ ಐತಿ ನೋಡ. ತಪ್ಪಿದ್ರ ನಿಮ್ಮಪ್ಪಗ ನಾ ಏನಂತ ಹೇಳ್ಲಿ?”

ಒಂದೂವರೆ ತಾಸಿನ ಪರೀಕ್ಷೆ. ಅನ್ನಪೂರ್ಣೇಶ್ವರಿ ಹೊರಗೆ ಬೇವಿನ ಮರದ ಕೆಳಗೆ ನಿಂತು ಕಿಟಕಿಯಿಂದ ನೋಡುತ್ತಿದ್ದಳು. ಉಳಿದ ಮಕ್ಕಳ ಪೆನ್ನು ಓಡುತ್ತಿದ್ದವು. ಹಸೀನಾ ಸ್ಕೇಲು ಇಟ್ಟು ಹಾಳೆಯ ಎಡಗಡೆ ಅಂಚಿಗೆ ಒಂದು ಗೆರೆ ಎಳೆದಳು. ಮೇಲೆ ಒಂದು ಗೆರೆ ಎಳೆದಳು. ಆಮೇಲೆ ಬೆರಳು ಮಡಚುತ್ತ, ಬಿಚ್ಚುತ್ತ ಕೂತಳು. ಇಟ್ಟಂಗಿಯ ಲೆಕ್ಕ ಬಾಯಲ್ಲೇ ಹೇಳುತ್ತಿದ್ದವಳು ಏಳಕ್ಕೆ ಎಂಟು ಸೇರಿಸಲು ಬೆರಳು ಎಣಿಸುತ್ತಿದ್ದಳು. ಗಂಟೆ ಬಾರಿಸಿ ಮೇಲ್ವಿಚಾರಕರು ಉತ್ತರಪತ್ರಿಕೆ ತೆಗೆದುಕೊಂಡಾಗ ಅದರಲ್ಲಿ ಅವಳ ಹೆಸರು, ನಂಬರು, ಆ ಎರಡು ಗೆರೆ ಇದ್ದವು.

ವಾಪಸು ಬರುವಾಗ ಬಸ್ಸಿನಲ್ಲಿ ಹಸೀನಾ ಎರಡು ಸಲ ಕಿಟಕಿಯಿಂದ ತಲೆ ಹೊರಹಾಕಿ ವಾಂತಿ ಮಾಡಿದಳು. ಹೊಟ್ಟೆಯಲ್ಲಿ ಏನೂ ಇರಲಿಲ್ಲ, ಬರೀ ನೀರು. ಅನ್ನಪೂರ್ಣೇಶ್ವರಿ ತನ್ನ ಬಾಟಲಿಯ ನೀರು ಕುಡಿಸಿ, ಸೆರಗಿನಿಂದ ಬಾಯಿ ಒರೆಸಿದಳು.

“ಎಲ್ಲಾ ಬರೂವ ಇದ್ದೂರಿ ಟೀಚರ್,” ಎಂದಳು ಹುಡುಗಿ. “ಪೇಪರ್ ನೋಡಿದ ಕೂಡ್ಲೆ ಅಂಕಿ ಕುಣ್ಯಾಕ ಹತ್ತಿದ್ವು. ಕೈ ಥಂಡಾಗಿ ಪೆನ್ನ ಹಿಡ್ಯಾಕ ಬರ್ಲಿಲ್ರಿ. ನನಗೇನಾಗೈತ್ರಿ?”

ಅನ್ನಪೂರ್ಣೇಶ್ವರಿ ಬಾಯಿ ತೆರೆದಳು. ನನಗೂ ಹಾಗೇ ಆಗುತ್ತದೆ, ಒಂಬತ್ತು ವರ್ಷದವಳಿದ್ದಾಗಿನಿಂದ ಆಗುತ್ತಿದೆ, ನಿನ್ನ ತಲೆಯಲ್ಲಿ ಯಾವ ದೋಷವೂ ಇಲ್ಲ, ಇದನ್ನು ನಿನಗೆ ಹಚ್ಚಿದವಳು ನಾನು. ಇಷ್ಟು ಹೇಳಿದ್ದರೆ ಬಹುಶಃ ಆ ಹುಡುಗಿ ಪಾರಾಗುತ್ತಿದ್ದಳು. ಬಸ್ಸು ಒಂದು ತಗ್ಗು ಹಾರಿತು. ಹಸೀನಾ ಅವಳ ಭುಜಕ್ಕೆ ಒರಗಿದಳು.

“ಅಭ್ಯಾಸ ಕಡಿಮಿ ಆತು,” ಎಂದಳು ಅನ್ನಪೂರ್ಣೇಶ್ವರಿ. “ಎಲ್ಲಾರಿಗೂ ಗಣಿತ ಒಲಿಯೂದಿಲ್ಲ ಬಿಡು.”

ಫೆಬ್ರವರಿಯಲ್ಲಿ ಮೋದಿನಸಾಬ ಶಾಲೆಗೆ ಬಂದ. ಚಪ್ಪಲಿಯನ್ನು ಸ್ಟಾಫ್ ರೂಮಿನ ಹೊರಗೆ ಬಿಟ್ಟು, ಒಳಗೆ ಬಂದು, ಕೂರು ಎಂದರೂ ಕೂರಲಿಲ್ಲ.

“ಅಕ್ಕೋರ, ಮಗಳಿಗೆ ಏನೋ ಆಗೈತ್ರಿ. ಮೊದಲ ನನ್ನ ಜೋಡಿ ಕೆಲಸಕ್ಕ ಬಂದ್ರ ನಾ ಹೇಳೂದ್ರಾಗ ಇಟ್ಟಂಗಿ ಲೆಕ್ಕ ಹೇಳಾಕಿ. ಮನ್ನೆ ಒಂದ ಗ್ವಾಡಿ ಅಳತಿ ಕೊಟ್ಟು ಕೇಳಿದೆ. ಕಣ್ಣಾಗ ನೀರ ತಂದು ಒಳಗ ಹೋದಳ್ರಿ. ಯಾರರ ಏನರ ಅಂದಾರೇನ್ರಿ ಸಾಲ್ಯಾಗ?”

“ಯಾರ ಏನ ಅಂತಾರ ಮೋದಿನಸಾಬ? ನಾನ ದಿನಾ ಕುಂತು ಹೇಳಿಕೊಟ್ಟೀನಿ.”

“ಅದ ಗೊತ್ತೈತ್ರಿ. ನಿಮ್ಮ ಉಪಕಾರ ಭಾಳ ಐತ್ರಿ ನಮ್ಮ ಮ್ಯಾಲ.”

“ವಯಸ್ಸಿಗೆ ಬರೂ ಮುಂದ ಕೆಲವು ಹುಡುಗ್ಯಾರಿಗೆ ಹಿಂಗ ಆಗ್ತೈತಿ. ಸಣ್ಣಾಕಿ ಇದ್ದಾಗಿನ ಚುರುಕು ಉಳಿಯೂದಿಲ್ಲ. ಒತ್ತಾಯ ಮಾಡಬ್ಯಾಡ. ಲೆಕ್ಕ ಕೇಳಾಕ ಹೋಗಬ್ಯಾಡ. ಹತ್ತನೇದ್ದು ಪಾಸ್ ಆದ್ರ ಸಾಕು.”

ಮೋದಿನಸಾಬ ಎರಡೂ ಕೈ ಎತ್ತಿ ಮುಗಿದ. ಹೋಗುವಾಗ ಹೊಸ್ತಿಲಲ್ಲಿ ನಿಂತು, “ಮಗಳು ನಿಮ್ಮನ್ನ ಭಾಳ ನೆನಸ್ತಾಳ್ರಿ ಅಕ್ಕೋರ. ಟೀಚರ್ ಎಷ್ಟ ಬಡಕೊಂಡ್ರೂ ನನ್ನ ತಲೀಗೆ ಹತ್ತೂದಿಲ್ಲ ಅಂತಾಳ” ಎಂದು ಹೇಳಿ ಹೋದ.

ಮರು ವರ್ಷ ಹತ್ತನೇ ತರಗತಿಗೆ ಹೊಸ ಲೆಕ್ಕದ ಮಾಸ್ತರ ಬಂದ. ತನ್ವೀರ ಎಂದು, ಇಪ್ಪತ್ತಾರು ವರ್ಷದ ಹುಡುಗ, ಬೆಳವಣಕಿಯವನು. ಹಳೆಯ ಕಪಾಟು ತೆಗೆದು ಸ್ವಚ್ಛ ಮಾಡುವಾಗ ಅವನಿಗೆ ಒಂದು ಎಂಟನೇ ತರಗತಿಯ ನೋಟಪುಸ್ತಕ ಸಿಕ್ಕಿತು. ಅದನ್ನು ಹಿಡಿದುಕೊಂಡು ಸ್ಟಾಫ್ ರೂಮಿಗೆ ಓಡಿಬಂದ.

“ಯಾರ್ರಿ ಮೇಡಂ ಈ ಹಸೀನಾ? ನೋಡ್ರಿ ಇಲ್ಲಿ, ಯಾವ ಸೂತ್ರಾ ಇಲ್ದ ಎಷ್ಟ ಚಂದ ಬಿಡಿಸ್ಯಾಳ!”

“ಅದ ಹಳೇದ್ರಿ ಸರ್,” ಎಂದಳು ಅನ್ನಪೂರ್ಣೇಶ್ವರಿ. “ಈಗ ಅಕಿಗೆ ಗಣಿತ ಬರೂದಿಲ್ಲ.”

ತನ್ವೀರ ನಂಬಲಿಲ್ಲ. ಊಟದ ಬಿಡುವಿನಲ್ಲಿ ಹಸೀನಾಳನ್ನು ಕರೆಸಿದ. ಎದುರಿಗೆ ಕೂರಿಸಿಕೊಂಡು, ನೋಟಪುಸ್ತಕ ತೋರಿಸಿ, ಒಳ್ಳೆಯ ದನಿಯಲ್ಲೇ ಮಾತಾಡಿದ. “ಇದನ್ನ ನೀನ ಮಾಡೀಯಲ್ಲ? ಏನ ಅಂಜಬ್ಯಾಡ. ಟೈಮ್ ಇಲ್ಲ, ಮಾರ್ಕ್ಸ್ ಇಲ್ಲ. ಒಂದ ಸಣ್ಣದ್ದು. ಮೂರು ಫೂಟು, ನಾಕು ಫೂಟು ಅಳದು ಮೂಲಿಗೆ ದಾರ ಹಿಡದ್ರ ಎಷ್ಟ ಬರಬೇಕು?”

ಗೌಂಡಿಯ ಮಗಳಿಗೆ ಅದು ತನ್ನ ಹೆಸರು ಕೇಳಿದ ಹಾಗೆ. ಹಸೀನಾಳ ತುಟಿ ಅಲುಗಿತು. ಅವಳು ತನ್ವೀರನನ್ನು ನೋಡಲಿಲ್ಲ. ಆಚೆ ಮೇಜಿನಲ್ಲಿ ಬುತ್ತಿ ಬಿಚ್ಚುತ್ತಿದ್ದ ಅನ್ನಪೂರ್ಣೇಶ್ವರಿಯನ್ನು ನೋಡಿದಳು. ಕಾಪಾಡು ಎಂಬ ನೋಟ. ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು.

“ನನಗ ಬರೂದಿಲ್ರಿ ಸರ್. ಮೊದಲಿಂದಾನೂ ಬರೂದಿಲ್ರಿ. ಅದನ್ನ ಯಾರನ್ನರ ಕೇಳಿ ಬರದಿರಬೇಕ್ರಿ.”

ಅನ್ನಪೂರ್ಣೇಶ್ವರಿ ಎದ್ದು ಬಂದು ಅವಳ ಹೆಗಲ ಮೇಲೆ ಕೈ ಇಟ್ಟಳು. ಹುಡುಗಿಯ ಮೈ ಆ ಕೈಯ ಕೆಳಗೆ ಸಡಿಲವಾಯಿತು.

“ಬಿಡ್ರಿ ಸರ್. ಅಕೀನ ಯಾಕ ಕಾಡ್ತೀರಿ?”

ತನ್ವೀರ ಪುಸ್ತಕ ಮುಚ್ಚಿದ. ಆಮೇಲೂ ಒಂದೆರಡು ತಿಂಗಳು ಪ್ರಯತ್ನಿಸಿದ. ಕೊಪ್ಪಳದ ಕಡೆ ಬೇರೆ ನೌಕರಿ ಸಿಕ್ಕಿ ದೀಪಾವಳಿಗೆ ಹೋದ. ಮಹಾಲಿಂಗಪ್ಪನವರು ಹತ್ತನೇ ತರಗತಿಯ ಗಣಿತವನ್ನೂ ಅನ್ನಪೂರ್ಣೇಶ್ವರಿಗೆ ಒಪ್ಪಿಸಿದರು. ಈ ಸಲ ಚಹಾ ತರಿಸುವ ಅಗತ್ಯ ಬೀಳಲಿಲ್ಲ. ಫಲಿತಾಂಶದಲ್ಲಿ ಹಸೀನಾಳಿಗೆ ಗಣಿತಕ್ಕೆ ಮೂವತ್ತೈದು ಅಂಕ ಬಂತು. ಪಾಸಾಗಲು ಬೇಕಾದಷ್ಟೇ. ಕಾಲೇಜಿಗೆ ಅವಳು ಅರ್ಜಿ ಹಾಕಲಿಲ್ಲ.

ಆ ವರ್ಷದ ಶ್ರಾವಣದಲ್ಲಿ ತಂಗಿಯ ಮಗಳ ನಿಶ್ಚಯಕ್ಕೆಂದು ಅನ್ನಪೂರ್ಣೇಶ್ವರಿ ರೋಣದ ಬಜಾರಿನಲ್ಲಿ ಮಾಬೂಬಿ ಎಂಬವಳ ಹೊಲಿಗೆ ಅಂಗಡಿಗೆ ಜಂಪರಿನ ಬಟ್ಟೆ ಕೊಡಲು ಹೋದಳು. ಮೂಲೆಯಲ್ಲಿ ಚಾಪೆಯ ಮೇಲೆ ಕೂತು ಒಬ್ಬ ಹುಡುಗಿ ಹುಕ್ಕು ಹಚ್ಚುತ್ತಿದ್ದಳು. ತಲೆ ಎತ್ತಿದವಳು ಗಡಬಡಿಸಿ ಎದ್ದು ನಿಂತಳು.

“ಬರ್ರಿ ಟೀಚರ್! ಕೂಡ್ರಿ. ಚಾಚಿ, ಇವರ ನೋಡ್ರಿ ನಮ್ಮ ಟೀಚರು.”

“ಇಲ್ಲಿ ಕಲ್ಯಾಕ ಹತ್ತೀಯೇನ ಹಸೀನಾ? ಚಲೋ ಆತು. ಹಂಗಾರ ನನ್ನ ಅಳತಿ ನೀನ ತಗೊ.”

ಹಸೀನಾ ಒಂದು ಹೆಜ್ಜೆ ಹಿಂದೆ ಸರಿದಳು. “ಅಳತಿ ನಾ ತಗೊಳ್ಳೂದಿಲ್ರಿ. ಚಾಚಿ ತಗೋತಾರ. ನಾ ಹುಕ್ಕು, ಗುಂಡಿ, ಕೈಹೊಲಿಗಿ ಅಷ್ಟ.”

ಮಾಬೂಬಿ ಕೊರಳಿನ ಟೇಪು ತೆಗೆಯುತ್ತ ಬಂದಳು. “ಕೈ ಬಂಗಾರದಂಥಾದ್ರಿ ಈ ಹುಡುಗೀದು. ಟಾಕಾ ಮಷೀನಿನಂಗ ಬೀಳ್ತಾವ. ಆದ್ರ ಟೇಪ ಕೈಗೆ ಕೊಟ್ರ ನಡಗತಾಳ. ಕಟಿಂಗ್ ಕಲೀದ ಟೇಲರ್ ಹ್ಯಾಂಗ ಆದಾಳು ಹೇಳ್ರಿ? ಇಡೀ ಜನ್ಮ ಹುಕ್ಕು ಹಚ್ಚಬೇಕ. ಏ ಹಸೀನಾ, ಹೇಳ್ತೀನಿ, ಬರಕೊ ಅಷ್ಟರ.”

ಅನ್ನಪೂರ್ಣೇಶ್ವರಿ ಎರಡೂ ಕೈ ಅಗಲಿಸಿ ನಿಂತಳು. ಮಾಬೂಬಿ ಭುಜದಿಂದ ಭುಜಕ್ಕೆ ಟೇಪು ಹಿಡಿದು, “ಹದಿನಾಲ್ಕೂವರಿ” ಎಂದಳು. ಹಸೀನಾ ಪೆನ್ಸಿಲು ಹಿಡಿದು ಪುಸ್ತಕದ ಮೇಲೆ ಬಗ್ಗಿದಳು. “ಎಷ್ಟಂದ್ರಿ?” “ಹದಿನಾಲ್ಕೂವರಿ.” ಪೆನ್ಸಿಲಿನ ಮೊನೆ ಹಾಳೆಯನ್ನು ಮುಟ್ಟಿ ಅಲ್ಲೇ ನಿಂತಿತು. “ಇನ್ನೊಮ್ಮೆ ಹೇಳ್ರಿ ಚಾಚಿ.” ಅಂಗಡಿಯಲ್ಲಿ ಕಾಯುತ್ತಿದ್ದ ಇಬ್ಬರು ಹೆಂಗಸರು ಅವಳ ಕಡೆ ತಿರುಗಿದರು.

“ಇಲ್ಲಿ ಕೊಡು, ನಾ ಬರಕೋತೀನಿ,” ಎಂದು ಅನ್ನಪೂರ್ಣೇಶ್ವರಿ ಪೆನ್ಸಿಲು ತೆಗೆದುಕೊಂಡಳು.

ಹುಡುಗಿಯ ಮುಖ ಅರಳಿತು. ಕಣ್ಣಲ್ಲಿ ನೀರು ಬಂದಿತ್ತು. “ಮೊದಲಿಂದಾನೂ ನನ್ನ ಕೈ ಹಿಡದಾವ್ರು ನೀವೊಬ್ರ ನೋಡ್ರಿ ಟೀಚರ್.”

ಅನ್ನಪೂರ್ಣೇಶ್ವರಿ ತೋಳು, ಕೊರಳು, ಉದ್ದ ಎಲ್ಲವನ್ನೂ ಒಂದರ ಕೆಳಗೊಂದು ದುಂಡಗೆ ಬರೆದಳು. ಯಾವಾಗ ಆಗುತ್ತದೆ ಎಂದು ಕೇಳಿದಳು. ಶುಕ್ರವಾರ ಬರ್ರಿ ಎಂದಳು ಮಾಬೂಬಿ. ಗಜೇಂದ್ರಗಡದ ಬಸ್ಸಿಗೆ ಇನ್ನೂ ಹೊತ್ತಿತ್ತು, ಆದರೂ ಅವಳು ಲಗುಲಗು ಹೆಜ್ಜೆ ಹಾಕಿದಳು.